ಮುಚ್ಚಲೊಲ್ಲದ ಬಾಗಿಲು

ಬಾಗಿಲಿಗೆ ಎರಡು ಧರ್ಮಗಳು: ತೆರೆಯುವದೊಂದು, ಮುಚ್ಚುವದೊಂದು. ತೆರೆಯದ ಬಾಗಿಲು ಗೋಡೆಯಾಗುವದು. ಮುಚ್ಚದ ಬಾಗಿಲು ಬಯಲಾಗುವದು. ರಾತ್ರಿ ಮಲಗುವ ಮುಂಚೆ ಮನೆಯ ಹಿರಿಯರು ತಲಬಾಗಿಲಿನ ಚಿಲಕವನ್ನು ಒಮ್ಮೆ ಕೈಯಿಂದ ಮುಟ್ಟಿ ನೋಡಿಯೇ ಹಾಸಿಗೆಗೆ ಹೋಗುವ ಪದ್ಧತಿಯು ನಮ್ಮಲ್ಲಿ ಎಷ್ಟೋ ತಲೆಮಾರುಗಳಿಂದ ನಡೆದುಬಂದಿದೆ. ಆದುದರಿಂದ ಬಾಗಿಲು ಮುಚ್ಚಲೊಲ್ಲದಾದಾಗ ಮನೆಮಂದಿಗೆ ಉಂಟಾಗುವ ಕಳವಳವು ಸಹಜವಾದದ್ದೇ ಸರಿ. ಆ ಕಳವಳದಲ್ಲಿ ನಾವು ಮಾಡುವ ಅವಸರವು ಮಾತ್ರ ಕೆಲವು ಸಲ ಕಳ್ಳನಿಗಿಂತಲೂ ಹೆಚ್ಚಿನ ಹಾನಿಯನ್ನು ಮನೆಯೊಳಗೆ ತರುವದುಂಟು. ಈ ಲೇಖನದಲ್ಲಿ ವಾಚಕರ ಮುಂದೆ ಇಡಬೇಕೆಂದಿರುವ ಮಾತು ಅದೇ.

ನಮ್ಮ ಸೀಮೆಯು ಬಾಗಿಲುಗಳ ವಿಷಯದಲ್ಲಿ ಬಡವಾದದ್ದಲ್ಲ. ಐಹೊಳೆ, ಪಟ್ಟದಕಲ್ಲುಗಳ ಗುಡಿಗಳ ಬಾಗಿಲವಾಡಗಳ ಕೆತ್ತನೆಯನ್ನು ನೋಡಲು ದೂರದೂರದಿಂದ ಜನರು ಬರುತ್ತಾರೆ. ಹಳೆಯ ಕಾಲದ ದೊಡ್ಡ ಕದಗಳಿಗೆ ಈಗಿನಂತೆ ಕಬ್ಬಿಣದ ಬಿಜಾಗರಿಗಳು ಇರಲಿಲ್ಲ; ಕದದ ಅಂಚಿನ ಗೂಟವೇ ಮೇಲೆ ತೊಲೆಯ ತೂತಿನಲ್ಲಿಯೂ ಕೆಳಗೆ ಕಲ್ಲಿನ ಕುಳಿಯಲ್ಲಿಯೂ ತಿರುಗುತ್ತಿತ್ತು. ಅಂಥ ಕದವು ಮುಚ್ಚದಿದ್ದರೆ ಅದರ ಕಾರಣವು ಕಣ್ಣಿಗೆ ಕಾಣುವಂಥದು: ಕುಳಿಯಲ್ಲಿ ಹರಳು ಸಿಕ್ಕಿರುವದು, ಮಳೆಗಾಲದ ತಂಪಿಗೆ ಕಟ್ಟಿಗೆಯು ಉಬ್ಬಿರುವದು, ಇಲ್ಲವೆ ಗೂಟವು ಸವೆದು ಕದವು ಹೊಸ್ತಿಲಿಗೆ ತಾಗುವದು. ಬಡಿಗನು ಬಂದು ಅಂಚನ್ನು ನಾಲ್ಕು ಸಲ ಕೀಸಿದರೆ ತೀರಿತು.

ಈಗಿನ ಬಾಗಿಲಿನ ಮಾತು ಬೇರೆ. ಗುಡೂರು, ಅಮೀನಗಡ, ಇಳಕಲ್ಲ, ಗುಳೇದಗುಡ್ಡಗಳ ಪೇಟೆಗಳಲ್ಲಿ ಅಂಗಡಿಗಳಿಗೂ, ಮೋಟಾರು ಗಾಡಿಯನ್ನಿಡುವ ಮನೆಗಳ ಮುಂಭಾಗಕ್ಕೂ ಉಕ್ಕಿನ ಪಟ್ಟಿಗಳನ್ನು ಒಂದಕ್ಕೊಂದು ಹೆಣೆದ ‘ಶಟರು’ ಬಂದಿದೆ. ಕೊಕ್ಕೆಯ ಸಲಾಕೆಯಿಂದ ಎಳೆದು ಇಳಿಸುತ್ತಿದ್ದ ಶಟರಿಗೆ ಈಗ ವಿದ್ಯುತ್ತಿನ ಮೋಟಾರು ಸೇರಿಕೊಂಡಿದೆ. ಕೈಯಲ್ಲಿ ಹಿಡಿದ ಚಿಕ್ಕ ರಿಮೋಟಿನ ಗುಂಡಿಯನ್ನು ಒತ್ತಿದರೆ ಅದು ತಾನೇ ಸುರುಳಿ ಬಿಚ್ಚಿಕೊಂಡು ಕೆಳಗಿಳಿಯುತ್ತದೆ. ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಇಂಥ ಶಟರು, ತಗಡಿನ ದಪ್ಪವನ್ನನುಸರಿಸಿ, ನೂರು ಕಿಲೋಗ್ರಾಮಿನ ಆಸುಪಾಸು ತೂಗುವದು. ಒಂದು ಜೋಳದ ಚೀಲದಷ್ಟು ಭಾರವು ನಮ್ಮ ತಲೆಯ ಮೇಲೆ ದಿನವೂ ಏರಿಳಿಯುತ್ತಿದೆಯೆಂಬದನ್ನು ಮನೆಮಂದಿಯು ಮರೆಯಬಾರದು. ಪರದೇಶಗಳಲ್ಲಿ ನೆಲೆಸಿದ ನಮ್ಮ ಮಕ್ಕಳ ಮನೆಗಳಲ್ಲಿ ಇದರ ಅಕ್ಕನಂತಿರುವ ಇನ್ನೊಂದು ಬಾಗಿಲುಂಟು. ನಾಲ್ಕೈದು ಅಡ್ಡ ಹಲಗೆಗಳಿಂದ ಕೂಡಿ, ಹಳಿಯ ಮೇಲೆ ಉರುಳಿ, ಮಾಡಿನ ಕೆಳಗೆ ಹೋಗಿ ಮಲಗುವ ಗ್ಯಾರೇಜಿನ ಬಾಗಿಲು. ಈ ಎರಡರ ಸ್ವಭಾವವನ್ನೂ ಕೂಡಿಸಿಯೇ ಇಲ್ಲಿ ವಿಚಾರ ಮಾಡುವೆವು.

ಯಂತ್ರದ ಬಾಗಿಲಿಗೆ ಕಣ್ಣು ಬಂದ ಬಗೆ

ತಾನಾಗಿ ತೆರೆದು ಮುಚ್ಚುವ ಬಾಗಿಲಿನ ಆಸೆ ಮನುಷ್ಯನಿಗೆ ಬಹಳ ಹಳೆಯದು. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಹೀರೋ ಎಂಬ ಪಂಡಿತನು ದೇವಾಲಯದ ಬಾಗಿಲೊಂದರ ಯಂತ್ರವನ್ನು ವರ್ಣಿಸಿದ್ದಾನೆ. ವೇದಿಕೆಯ ಮೇಲೆ ಬೆಂಕಿಯನ್ನು ಹೊತ್ತಿಸಿದರೆ ಕೆಳಗಿನ ಗಾಳಿ ಹಿಗ್ಗಿ ನೀರನ್ನು ಒಂದು ಪಾತ್ರೆಗೆ ತಳ್ಳುವದು. ಪಾತ್ರೆಯ ಭಾರಕ್ಕೆ ಹಗ್ಗಗಳು ಎಳೆದು ಕದಗಳು ತೆರೆಯುವವು. ಬೆಂಕಿ ಆರಿದರೆ ನೀರು ಹಿಂದಿರುಗಿ, ಎದುರು ತೂಕದಿಂದ ಕದಗಳು ಮುಚ್ಚುವವು. ನಮ್ಮ ದೇಶದಲ್ಲಿ ಹನ್ನೊಂದನೆಯ ಶತಮಾನದ ಭೋಜರಾಜನ ‘ಸಮರಾಂಗಣ ಸೂತ್ರಧಾರ’ವು ಯಂತ್ರಗಳನ್ನು ಹೇಳುವಾಗ, ಕಳ್ಳರನ್ನು ತಡೆಯುವ ಯಂತ್ರದ ದ್ವಾರಪಾಲರನ್ನು ಉಲ್ಲೇಖಿಸುವದು. ಇವೆಲ್ಲ ಚಮತ್ಕಾರಗಳೇ. ಆದರೆ ಒಂದು ಕೊರತೆಯು ಇವುಗಳಲ್ಲಿ ಸಮಾನವಾಗಿತ್ತು. ಬಾಗಿಲಿನ ನಡುವೆ ನಿಂತವನು ಕಳ್ಳನೋ ಮಗುವೋ, ನಿಂತಿರುವವನು ಇದ್ದಾನೋ ಇಲ್ಲವೋ ಎಂಬದು ಆ ಯಂತ್ರಕ್ಕೆ ತಿಳಿಯುತ್ತಿರಲಿಲ್ಲ. ಅದು ಕುರುಡಾಗಿತ್ತು.

ಅಮೇರಿಕೆಯಲ್ಲಿ ಸಿ. ಜಿ. ಜಾನ್ಸನ್ ಎಂಬವನು ೧೯೨೧ರಲ್ಲಿ ಮೇಲಕ್ಕೆ ಸರಿಯುವ ಗ್ಯಾರೇಜಿನ ಬಾಗಿಲನ್ನೂ, ೧೯೨೬ರಲ್ಲಿ ಅದನ್ನು ವಿದ್ಯುತ್ತಿನಿಂದ ಎತ್ತುವ ಯಂತ್ರವನ್ನೂ ರೂಪಿಸಿದನು. ಮುಂದೆ ಅದು ಆ ದೇಶದ ಮನೆಮನೆಗೆ ಹಬ್ಬಿತು. ಹಬ್ಬಿದ ತರುವಾಯ ಅದರ ಕುರುಡುತನದ ಬೆಲೆಯೂ ಗೊತ್ತಾಯಿತು. ೧೯೮೨ರ ಮಾರ್ಚ ತಿಂಗಳಿಂದ ಎಣಿಸಿದಾಗ, ಎರಡರಿಂದ ಹದಿನಾಲ್ಕು ವರ್ಷದೊಳಗಿನ ಸುಮಾರು ೬೦ ಮಕ್ಕಳು ಇಳಿಯುವ ಬಾಗಿಲಿನ ಕೆಳಗೆ ಸಿಕ್ಕಿ ಸತ್ತರೆಂದು, ಎಂದರೆ ವರ್ಷಕ್ಕೆ ಸುಮಾರು ನಾಲ್ಕು ಮಕ್ಕಳೆಂದು, ಆ ದೇಶದ ಗ್ರಾಹಕ ವಸ್ತುಗಳ ಸುರಕ್ಷಾ ಆಯೋಗವು ಪ್ರಕಟಿಸಿತು. ಬದುಕಿ ಉಳಿದವರಲ್ಲಿ ಕೆಲವರು ಮಿದುಳಿಗೆ ಪೆಟ್ಟಾಗಿ ಜನ್ಮವಿಡೀ ನರಳಬೇಕಾಯಿತು. ೧೯೯೦ರಲ್ಲಿ ಅಲ್ಲಿ ಕಾಯಿದೆಯಾಯಿತು. ೧೯೯೩ರ ಜನೆವರಿ ೧ರಿಂದ ತಯಾರಾಗುವ ಮನೆಬಳಕೆಯ ಪ್ರತಿಯೊಂದು ಬಾಗಿಲ ಯಂತ್ರಕ್ಕೂ, ಇಳಿಯುವಾಗ ಏನಾದರೂ ಅಡ್ಡ ತಾಗಿದರೆ ಎರಡು ಸೆಕೆಂಡುಗಳೊಳಗಾಗಿ ಹಿಂದಿರುಗುವ ಗುಣವೂ, ಅದರ ಮೇಲೆ ಇನ್ನೊಂದು ಸ್ವತಂತ್ರವಾದ ಕಾವಲೂ ಇರಲೇಬೇಕೆಂದು ವಿಧಿಸಲಾಯಿತು.

ಆ ಎರಡನೆಯ ಕಾವಲೇ ಈಗ ಎಲ್ಲೆಡೆಯೂ ಕಾಣುವ ‘ಸೆನ್ಸರು’. ನಾವು ಇದನ್ನು ‘ಕಣ್ಣು’ ಎಂದೇ ಕರೆಯುವೆವು. ಬಾಗಿಲಿನ ಎರಡೂ ಬದಿಗೆ, ನೆಲದಿಂದ ಆರು ಅಂಗುಲಕ್ಕಿಂತ ಮೇಲಾಗದಂತೆ, ಎರಡು ಚಿಕ್ಕ ಡಬ್ಬಿಗಳನ್ನು ಎದುರುಬದುರಾಗಿ ಕೂಡಿಸಿರುವರು. ಒಂದು ಡಬ್ಬಿಯು ನಮ್ಮ ಕಣ್ಣಿಗೆ ಕಾಣದ ಕಿರಣವನ್ನು ಬಿಡುವದು. ಎದುರಿನದು ಅದನ್ನು ಹಿಡಿಯುವದು. ಆರು ಅಂಗುಲವೇ ಏಕೆ ಎಂದರೆ, ಅಂಬೆಗಾಲಿಡುವ ಕೂಸು ಕೂಡ ಆ ಕಿರಣವನ್ನು ಕಡಿಯದೆ ದಾಟಬಾರದೆಂದು. ಕಿರಣವು ಕಡಿಯಿತೋ, ಇಳಿಯುವ ಬಾಗಿಲು ನಿಂತು ಮೇಲೇರುವದು. ಕಡಿದೇ ಇದ್ದರೆ ರಿಮೋಟಿನ ಮಾತನ್ನು ಕೇಳಿ ಇಳಿಯಲು ಒಪ್ಪುವದೇ ಇಲ್ಲ.

ಈಗ ವಾಚಕರು ಒಂದು ಸಂಗತಿಯನ್ನು ಮನಸ್ಸಿನಲ್ಲಿ ದೃಢಪಡಿಸಿಕೊಳ್ಳಬೇಕು. ಕಣ್ಣುಳ್ಳ ಬಾಗಿಲು ‘ಒಲ್ಲೆ’ ಎಂದರೆ ಬಹುಮಟ್ಟಿಗೆ ಅದು ಕೆಟ್ಟಿರುವದಿಲ್ಲ. ತನ್ನ ಕರ್ತವ್ಯವನ್ನೇ ಮಾಡುತ್ತಿರುವದು. ನಾವು ಕೇಳಬೇಕಾದ ಪ್ರಶ್ನೆಯು, ‘ಇದನ್ನು ಹೇಗೆ ಮುಚ್ಚಿಸಲಿ?’ ಎಂಬದಲ್ಲ, ‘ಇದು ಏನನ್ನು ಕಂಡು ಹೆದರಿದೆ?’ ಎಂಬದು.

ನಿದಾನದ ಕ್ರಮ

ಆಯುರ್ವೇದದಲ್ಲಿ ರೋಗವನ್ನು ತಿಳಿಯುವ ಉಪಾಯಗಳು ಐದು: ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ. ಎಂದರೆ ಕಾರಣ, ಮುನ್ಸೂಚನೆ, ಲಕ್ಷಣ, ಔಷಧವನ್ನೋ ಪಥ್ಯವನ್ನೋ ಕೊಟ್ಟು ನೋಡುವ ಪರೀಕ್ಷೆ, ಮತ್ತು ರೋಗವು ಬೆಳೆದ ದಾರಿ. ಯಂತ್ರಕ್ಕೆ ಈ ಕ್ರಮವು ಸಲ್ಲದೆಂದು ಏಕೆ ಹೇಳಬೇಕು? ಒಳ್ಳೆಯ ಮಿಸ್ತ್ರಿಯೂ ಇದನ್ನೇ ಮಾಡುತ್ತಾನೆ. ಹೆಸರುಗಳು ಮಾತ್ರ ಅವನಿಗೆ ಬೇಕಾಗಿಲ್ಲ. ಬಾಗಿಲಿನ ಮಟ್ಟಿಗೆ ಮೊದಲು ನೋಡಬೇಕಾದದ್ದು ರೂಪವನ್ನು. ಅದು ಹೇಗೆ ಒಲ್ಲೆನ್ನುವದು ಎಂಬದನ್ನು. ಒಲ್ಲೆನ್ನುವ ರೀತಿಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು, ಬಾಗಿಲು ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು. ಇದು ಕಣ್ಣಿನ ದೋಷವಲ್ಲ. ವಿದ್ಯುತ್ತು ಇದೆಯೋ, ಫ್ಯೂಜು ಹೋಗಿದೆಯೋ, ರಿಮೋಟಿನ ಸೆಲ್ಲು ಮುಗಿದಿದೆಯೋ ನೋಡಬೇಕು. ಗೋಡೆಯ ಗುಂಡಿಯಿಂದ ನಡೆದು ರಿಮೋಟಿನಿಂದ ಮಾತ್ರ ನಡೆಯದಿದ್ದರೆ ದೋಷವು ರಿಮೋಟಿನದು. ಇಲ್ಲವೆ ಯಾರೋ ಗೋಡೆಯ ಗುಂಡಿಯಲ್ಲಿರುವ ‘ಲಾಕು’ ಒತ್ತಿರುವರು. ಮೋಟಾರು ಗುಂಯ್ಗುಟ್ಟಿ ನಿಂತರೆ ವಿದ್ಯುತ್ತಿನ ಒತ್ತಡವು ಸಾಲದೆಂದು ತಿಳಿಯಬೇಕು. ನಮ್ಮ ಮನೆಗಳಿಗೆ ಬರಬೇಕಾದದ್ದು ೨೩೦ ವೋಲ್ಟು. ಇಂಥ ಮೋಟಾರಿನ ಬಲವು ವೋಲ್ಟಿನ ವರ್ಗಕ್ಕೆ ಅನುಸಾರವಾಗಿರುವದರಿಂದ, ಒತ್ತಡವು ೧೮೦ಕ್ಕೆ ಇಳಿದರೆ ಬಲವು ಹತ್ತರಲ್ಲಿ ಆರು ಪಾಲಿಗೆ ಇಳಿಯುವದು. ಮಕ್ಕಳು ಆಟಕ್ಕಾಗಿ ಶಟರನ್ನು ಐದಾರು ಸಲ ಏರಿಳಿಸಿದರೂ ಮೋಟಾರು ಕಾಯ್ದು ತಾನೇ ನಿಲ್ಲುವದು. ಅದರೊಳಗೆ ಕಾವಿನ ಕಾವಲು ಇರುವದು. ಅರ್ಧ ತಾಸು ತಣ್ಣಗಾಗಲು ಬಿಟ್ಟರೆ ಅದು ಮತ್ತೆ ನಡೆಯುವದು.

ಎರಡನೆಯದು, ಬಾಗಿಲು ಮೇಲಕ್ಕೆ ನಿರಾತಂಕವಾಗಿ ಹೋಗುವದು, ಆದರೆ ಇಳಿಯಲೊಲ್ಲದು. ಇಲ್ಲವೆ ಒಂದು ಗೇಣು ಇಳಿದು ಮತ್ತೆ ಮೇಲೇರುವದು. ಇದು ಕಣ್ಣಿನ ಮಾತು, ಏಕೆಂದರೆ ಕಣ್ಣು ತಡೆಯುವದು ಇಳಿಯುವದನ್ನು ಮಾತ್ರ, ಏರುವದನ್ನಲ್ಲ. ಆಗ ಎರಡೂ ಡಬ್ಬಿಗಳ ಮೇಲಿನ ಚಿಕ್ಕ ದೀಪಗಳನ್ನು ನೋಡಬೇಕು. ಎರಡೂ ನಿಶ್ಚಲವಾಗಿ ಉರಿಯುತ್ತಿದ್ದರೆ ಕಣ್ಣು ಕೂಡಿದೆ. ಒಂದು ಮಿಣುಕುತ್ತಿದ್ದರೆ ಅಥವಾ ಆರಿದ್ದರೆ ಕಣ್ಣು ಕೂಡಿಲ್ಲ. ನಡುವೆ ಕಸಬರಿಗೆಯೋ, ಸೈಕಲ್ಲಿನ ಗಾಲಿಯೋ, ಮಗುವಿನ ಚಪ್ಪಲಿಯೋ ಬಿದ್ದಿರಬಹುದು. ಅದಿಲ್ಲವಾದರೆ ಕಣ್ಣಿನ ಗಾಜನ್ನು ಮೆತ್ತನೆಯ ಒಣ ಅರಿವೆಯಿಂದ ಒರೆಸಬೇಕು. ಅಷ್ಟರಿಂದಲೂ ಆಗದಿದ್ದರೆ, ಯಾರದೋ ಕಾಲು ತಾಗಿ ಡಬ್ಬಿಯು ಅತ್ತಿತ್ತ ತಿರುಗಿರುವದು. ಒಂದು ಡಬ್ಬಿಯಿಂದ ಇನ್ನೊಂದಕ್ಕೆ ನೂಲನ್ನು ಬಿಗಿಯಾಗಿ ಹಿಡಿದು, ಅದರ ಗೆರೆಯಲ್ಲಿಯೇ ಎರಡೂ ಮುಖಗಳು ನೋಡುವಂತೆ ಮೆಲ್ಲಗೆ ತಿರುಗಿಸಿದರೆ, ಆರಿದ ದೀಪವು ಹತ್ತಿಕೊಳ್ಳುವದು. ಈ ಕೆಲಸಕ್ಕೆ ಮಿಸ್ತ್ರಿ ಬೇಕಾಗಿಲ್ಲ; ಮನೆಯ ತಾಯಂದಿರೂ ಮಾಡಬಹುದು.

ಮೂರನೆಯದು, ಬಾಗಿಲು ಪ್ರತಿಸಲವೂ ಒಂದೇ ಎತ್ತರದಲ್ಲಿ ತಡೆಯುವದು ಅಥವಾ ಕರಕರ ಸದ್ದು ಮಾಡಿ ಹಿಂದಿರುಗುವದು. ಇದು ಹಾದಿಯ ದೋಷ. ಶಟರಿನ ಪಟ್ಟಿಗಳು ಓಡಾಡುವ ಎರಡು ಬದಿಯ ಗಾಡಿಗಳಲ್ಲಿ, ಎಂದರೆ ‘ಗೈಡು’ಗಳಲ್ಲಿ, ಸೀಮೆಂಟಿನ ಹೆಂಟೆಯೋ ಜಂಗೋ ಇರಬಹುದು, ಸರಕಿನ ಗಾಡಿ ತಾಗಿ ಗೈಡು ನಸು ನೆಗ್ಗಿರಬಹುದು, ಪಟ್ಟಿಯೊಂದು ಪಕ್ಕಕ್ಕೆ ಸರಿದು ಅಂಚನ್ನು ಉಜ್ಜುತ್ತಿರಬಹುದು. ಯಂತ್ರವು ಈ ಉಜ್ಜಾಟವನ್ನು ಅಡ್ಡಿಯೆಂದೇ ತಿಳಿದು ಹಿಂದಿರುಗುವದು. ಇಲ್ಲಿ ಯಂತ್ರದ ಬಲವನ್ನು ಹೆಚ್ಚಿಸುವ ತಿರುಪನ್ನು ತಿರುಗಿಸಬಾರದು. ಹಾದಿಯ ಕಲ್ಲನ್ನು ತೆಗೆಯದೆ ಎತ್ತಿಗೆ ಬಾರುಕೋಲು ಹೊಡೆದಂತೆ ಅದು. ಬಲ ಹೆಚ್ಚಿದ ಬಾಗಿಲು ಮಗುವಿನ ಮೈಯನ್ನು ಕೂಡ ಉಜ್ಜಾಟವೆಂದೇ ಎಣಿಸಿ ಕೆಳಗೆ ಒತ್ತುವದು.

ನಾಲ್ಕನೆಯದು, ಬಾಗಿಲು ನೆಲಕ್ಕೆ ಮುಟ್ಟಿ, ಮುಟ್ಟಿದೊಡನೆ ಮತ್ತೆ ಮೇಲೇರುವದು. ಇಲ್ಲವೆ ನೆಲಕ್ಕಿಂತ ನಾಲ್ಕು ಬೆರಳು ಮೇಲೆಯೇ ನಿಲ್ಲುವದು. ಇದು ಎಲ್ಲೆಯ ದೋಷ. ಎಷ್ಟು ಇಳಿದು ನಿಲ್ಲಬೇಕೆಂಬ ಎಲ್ಲೆಯನ್ನು ಯಂತ್ರದೊಳಗೆ ‘ಲಿಮಿಟ್’ ಎಂಬ ಚಿಕ್ಕ ಸಾಧನದಿಂದ ಕಟ್ಟಿರುವರು. ಎಲ್ಲೆಯು ನೆಲದಿಂದ ಕೆಳಗಿದ್ದರೆ ಯಂತ್ರವು ನೆಲವನ್ನೇ ಅಡ್ಡಿಯೆಂದು ತಿಳಿದು ಹಿಂದಿರುಗುವದು. ಮೇಲಿದ್ದರೆ ಸಂದು ಬಿಡುವದು. ಹಿಂದಿರುಗುವ ಗುಣವಿಲ್ಲದ ಶಟರುಗಳಲ್ಲಿ ಎಲ್ಲೆ ತಪ್ಪಿದರೆ ಇನ್ನೊಂದು ವಿಕಾರವುಂಟು: ಬಾಗಿಲು ನೆಲ ಮುಟ್ಟಿದರೂ ಮೋಟಾರು ತಿರುಗುತ್ತಲೇ ಹೋಗಿ, ಮೇಲಿನ ಸುರುಳಿ ಸಡಿಲಾಗಿ ತಿರುವುಮುರುವಾಗಿ ಸುತ್ತಿಕೊಳ್ಳುವದು. ಎಲ್ಲೆಯನ್ನು ಸರಿಪಡಿಸುವದು ಮಿಸ್ತ್ರಿಯ ಕೆಲಸ. ಅವನು ಕೂಡ ಒಮ್ಮೆಗೆ ಸ್ವಲ್ಪವೇ ತಿರುಗಿಸಿ, ಪ್ರತಿಸಲವೂ ಇಳಿಸಿ ನೋಡಿಯೇ ಮುಂದುವರಿಯಬೇಕು.

ನಮ್ಮ ಸೀಮೆಯ ಕಾರಣಗಳು

ಯಂತ್ರದ ಜೊತೆಗೆ ಬರುವ ಪುಸ್ತಕದಲ್ಲಿ ಮೇಲಿನವೆಲ್ಲ ಇರಬಹುದು. ಆದರೆ ಆ ಪುಸ್ತಕವನ್ನು ಬರೆದವರು ಹುನಗುಂದ, ಬಾದಾಮಿಗಳ ನೆಲವನ್ನು ನೋಡಿದವರಲ್ಲ. ಇಲ್ಲಿನ ಕಾರಣಗಳು ಕೆಲವು ಇಲ್ಲಿಯವೇ.

ಎಲ್ಲಕ್ಕೂ ಮೊದಲಿನದು ಎರೆಯ ಮಣ್ಣು. ಮಸಾರಿಯ ನೆಲದ ಮೇಲೆ ಕಟ್ಟಿದ ಮನೆಗೆ ಈ ಬಾಧೆಯು ಕಡಿಮೆ. ಎರೆಯ ನೆಲವು ಮಳೆಗಾಲದಲ್ಲಿ ನೀರು ಹೀರಿ ಉಬ್ಬುವದು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟು ಕುಗ್ಗುವದು. ಬುನಾದಿಯು ಆಳವಾಗಿಲ್ಲದಿದ್ದರೆ ಅದರ ಮೇಲಿನ ಗೋಡೆಯೂ ಉಸಿರಾಡಿದಂತೆ ಏರಿಳಿಯುವದು. ಕಟ್ಟಿಗೆಯ ಕದವಾದರೆ ಒಂದು ಮೂಲೆ ತಾಗುವದು, ಅಷ್ಟೇ. ಶಟರಿನ ಗೈಡುಗಳಾದರೋ ಮೇಲಿನಿಂದ ಕೆಳಗಿನ ತನಕ ಒಂದೇ ಅಂತರದಲ್ಲಿರಬೇಕು. ಅರ್ಧ ಅಂಗುಲ ಕೂಡಿಕೊಂಡರೂ ಪಟ್ಟಿಗಳು ಹಿಡಿಯುವವು. ಇದನ್ನು ಅರಿಯುವದು ಸುಲಭ. ಬಾಗಿಲಿನ ಬಾಯಿಗೆ ಒಂದು ಮೂಲೆಯಿಂದ ಎದುರು ಮೂಲೆಗೆ ನೂಲು ಹಿಡಿದು ಅಳೆಯಿರಿ. ಅನಂತರ ಉಳಿದೆರಡು ಮೂಲೆಗಳಿಗೆ ಹಿಡಿದು ಅಳೆಯಿರಿ. ಎರಡೂ ಅಳತೆಗಳು ಸಮನಾಗಿದ್ದರೆ ಬಾಯಿಯು ಮಟ್ಟಸವಾಗಿದೆ, ಬೇರೆಯಾಗಿದ್ದರೆ ಓರೆಯಾಗಿದೆ. ಗೌಂಡಿಯು ತೂಗುಗುಂಡನ್ನು ಇಳಿಬಿಟ್ಟು ನೋಡಿದರೆ ಯಾವ ಬದಿಯ ಗೋಡೆ ವಾಲಿದೆಯೆಂಬದೂ ತಿಳಿಯುವದು. ಬೇಸಿಗೆಯಲ್ಲಿ ಸರಿಯಾಗಿ ಮುಚ್ಚುವ ಬಾಗಿಲು ಹಿಂಗಾರಿ ಮಳೆಯ ತರುವಾಯ ಹಟ ಹಿಡಿದರೆ, ಮೋಟಾರನ್ನು ಬಿಚ್ಚುವ ಮೊದಲು ನೆಲವನ್ನು ವಿಚಾರಿಸಬೇಕು. ಮನೆಯ ಸುತ್ತಲಿನ ನೀರು ಬುನಾದಿಯ ಹತ್ತಿರ ನಿಲ್ಲದೆ ಹರಿದುಹೋಗುವಂತೆ ಮಾಡುವದೇ ಆ ಬಾಗಿಲಿಗೆ ನಿಜವಾದ ಔಷಧ.

ಎರಡನೆಯ ಕಾರಣವು ಸೂರ್ಯನು. ನಮ್ಮ ಊರ ಪೇಟೆಯಲ್ಲಿ ಬಟ್ಟೆಯ ವ್ಯಾಪಾರಿಯೊಬ್ಬರ ಶಟರು ದಿನವಿಡೀ ಹೇಳಿದಂತೆ ಕೇಳಿ, ಸಂಜೆಯ ಹೊತ್ತಿಗೆ ಮಾತ್ರ ಮುಚ್ಚಲೊಲ್ಲದೆ ಇರುತ್ತಿತ್ತು. ಕತ್ತಲಾದ ಮೇಲೆ ತಾನೇ ಸರಿಹೋಗುತ್ತಿತ್ತು. “ಮಾಸ್ತರ್ರ, ಮಧ್ಯಾಹ್ನ ಮುಚ್ಚೂ ಬಾಗಲಾ ಸಂಜೀಕ ಯಾಕ ಒಲ್ಲೆ ಅಂತೈತ್ರೀ?” ಎಂದು ಅವರು ಕೇಳಿದರು. ಮಿಸ್ತ್ರಿಯು ಕಣ್ಣನ್ನೇ ತೆಗೆದುಹಾಕೋಣವೆಂದು ಹೇಳಿಹೋಗಿದ್ದನು. ನ್ಯಾಯಶಾಸ್ತ್ರದಲ್ಲಿ ಅನ್ವಯ, ವ್ಯತಿರೇಕ ಎಂಬ ಎರಡು ಮಾತುಗಳಿವೆ: ಯಾವದು ಇದ್ದಾಗ ಕಾರ್ಯವು ಇರುವದೋ, ಯಾವದು ಇಲ್ಲದಾಗ ಇಲ್ಲದಾಗುವದೋ, ಅದನ್ನು ಕಾರಣವೆಂದು ತಿಳಿಯಬೇಕು. ಆ ಅಂಗಡಿಯ ಮುಖವು ಪಡುವಣಕ್ಕೆ. ಇಳಿಹೊತ್ತಿನ ಬಿಸಿಲು ಕಿರಣವನ್ನು ಹಿಡಿಯುವ ಡಬ್ಬಿಯ ಮುಖಕ್ಕೆ ಓರೆಯಾಗಿ ಬಡಿಯುತ್ತಿತ್ತು. ಸೂರ್ಯನ ಬೆಳಕಿನಲ್ಲಿ ಆ ಚಿಕ್ಕ ಕಿರಣವು ಕಾಣದಾಗುತ್ತಿತ್ತು. ಬಿಸಿಲಿದ್ದಾಗ ದೋಷ, ಇಲ್ಲದಾಗ ಇಲ್ಲ. ಅವರ ಕೊಡೆಯನ್ನೇ ತೆರೆದು ಆ ಡಬ್ಬಿಗೆ ನೆರಳು ಹಿಡಿದೆವು. ಶಟರು ಸದ್ದಿಲ್ಲದೆ ಇಳಿದು ಮುಚ್ಚಿತು. ವೈದ್ಯರು ಉಪಶಯವೆನ್ನುವದು ಇದನ್ನೇ. ಮರುದಿನ ಎರಡು ಡಬ್ಬಿಗಳ ಜಾಗವನ್ನು ಅದಲುಬದಲು ಮಾಡಿಸಿದ ಮೇಲೆ ಹಿಡಿಯುವ ಡಬ್ಬಿಯ ಮುಖವು ನೆರಳಿನ ಕಡೆಗಾಯಿತು; ಬಾಧೆಯು ಹೋಯಿತು. ಡಬ್ಬಿಯ ಮುಖಕ್ಕೆ ಎರಡಂಗುಲದ ಕೊಳವೆಯ ಟೊಪ್ಪಿಗೆಯನ್ನು ಹಾಕಿದರೂ ಸಾಕಾಗುವದುಂಟು.

ಮೂರನೆಯದು ಧೂಳು ಮತ್ತು ಹುಳುಹುಪ್ಪಟೆ. ಬೇಸಿಗೆಯ ಸುಂಟರಗಾಳಿಯು ಕಣ್ಣಿನ ಗಾಜಿನ ಮೇಲೆ ಧೂಳಿನ ಪರದೆ ಬಿಡುವದು. ಜೇಡವು ಎರಡು ದಿನಗಳಲ್ಲಿ ಅದರ ಮುಂದೆ ಬಲೆ ಕಟ್ಟುವದು. ಮಣ್ಣಿನ ಗೂಡು ಕಟ್ಟುವ ಕಣಜವು ಗೈಡಿನ ಸಂದನ್ನೇ ತನ್ನ ಮನೆಗೆ ಆರಿಸಿಕೊಳ್ಳುವದು. ಹದಿನೈದು ದಿನಕ್ಕೊಮ್ಮೆ ಹೊಸ್ತಿಲು ಸಾರಿಸುವಾಗ ಇವನ್ನೂ ಒರೆಸುವ ಅಭ್ಯಾಸವಿಟ್ಟುಕೊಂಡರೆ ಅರ್ಧ ದೋಷಗಳು ಹುಟ್ಟುವದೇ ಇಲ್ಲ.

ನಾಲ್ಕನೆಯದು ನಮ್ಮ ಹಬ್ಬಗಳು. ಆಯುಧಪೂಜೆಗೂ ದೀಪಾವಳಿಗೂ ಅಂಗಡಿಯ ಬಾಗಿಲಿಗೆ ಬಾಳೆಯ ಕಂಬ ನಿಲ್ಲಿಸಿ, ಚೆಂಡುಹೂವಿನ ಮಾಲೆಗಳನ್ನು ಇಳಿಬಿಡುವೆವು. ಮಾಲೆಯ ತುದಿಯು ಗಾಳಿಗೆ ಅಲ್ಲಾಡಿ ಕಿರಣವನ್ನು ಕಡಿದರೆ, ಲಕ್ಷ್ಮೀಪೂಜೆಯ ರಾತ್ರಿಯೇ ಬಾಗಿಲು ಮುಚ್ಚದು! ಅಪಶಕುನವೆಂದು ಹೆದರಬೇಕಾಗಿಲ್ಲ; ಮಾಲೆಯನ್ನು ಒಂದು ಮೊಳ ಮೇಲಕ್ಕೆ ಕಟ್ಟಿದರಾಯಿತು. ಬಾಳೆಯ ಕಂಬವು ಕಣ್ಣಿಗೆ ಅಡ್ಡವಾಗದಂತೆಯೂ ನೋಡಬೇಕು.

ಐದನೆಯದು ಗುಡುಗು ಮಿಂಚು. ಮಿಂಚಿನ ಸೆಳೆತವು ತಂತಿಯ ಮೂಲಕ ಬಂದು ಯಂತ್ರದ ಬುದ್ಧಿಯಿರುವ ಹಲಗೆಯನ್ನು ಸುಟ್ಟುಬಿಡುವದು. ಗುಡುಗಿನ ಮಳೆ ಬರುವ ಸೂಚನೆ ಕಂಡಾಗ ಸ್ವಿಚ್ಚನ್ನು ಆರಿಸಿ, ಅವಶ್ಯವಿದ್ದರೆ ಶಟರನ್ನು ಕೈಸರಪಳಿಯಿಂದ ಇಳಿಸುವದು ಲೇಸು. ಕರೆಂಟು ಹೋದಾಗ ಗೊಂದಲವಾಗದಿರಬೇಕಾದರೆ ಆ ಸರಪಳಿಯನ್ನು ಎಳೆಯುವ ರೀತಿಯನ್ನು ಮನೆಯ ದೊಡ್ಡವರೆಲ್ಲರೂ ಹಗಲಿನಲ್ಲಿಯೇ ಒಮ್ಮೆ ಕಲಿತಿರಬೇಕು.

ಪರದೇಶದ ಮನೆಗಳಲ್ಲಿ

ಮಗನ ಮನೆಗೋ ಮಗಳ ಬಾಣಂತನಕ್ಕೋ ಅಮೇರಿಕೆಗೆ, ಕೆನಡಾಕ್ಕೆ ಹೋಗುವ ನಮ್ಮ ತಾಯಿತಂದೆಗಳು ಈಗ ಬಹಳ. ಮಕ್ಕಳು ಕೆಲಸಕ್ಕೆ ಹೋದ ಮೇಲೆ ಗ್ಯಾರೇಜಿನ ಬಾಗಿಲು ಮುಚ್ಚಲೊಲ್ಲದಿದ್ದರೆ ಅವರಿಗೆ ದಿಕ್ಕು ತೋಚದು. ಅಂಥವರಿಗಾಗಿ ಎರಡು ಮಾತುಗಳು.

ಬಾಗಿಲು ಇಳಿಯದೆ, ಮಾಡಿನ ಯಂತ್ರದ ದೀಪವು ಮಿಣಮಿಣ ಮಿಣುಕಿದರೆ ಅದು ಕಣ್ಣಿನ ದೂರೆಂದು ತಿಳಿಯಬೇಕು. ಗೋಡೆಯ ಗುಂಡಿಯನ್ನು ಬಿಡದೆ ಒತ್ತಿಹಿಡಿದರೆ ಬಹುತೇಕ ಯಂತ್ರಗಳು ಕಣ್ಣಿನ ತಡೆಯನ್ನು ಬದಿಗಿಟ್ಟು ಬಾಗಿಲನ್ನು ಇಳಿಸುವವು. ಹೀಗೆ ಒತ್ತಿದಾಗ ಮುಚ್ಚಿ, ರಿಮೋಟಿನಿಂದ ಮುಚ್ಚದಿದ್ದರೆ ದೋಷವು ಕಣ್ಣಿನದೇ. ಆದರೆ ಒತ್ತಿಹಿಡಿದಷ್ಟು ಹೊತ್ತೂ ಬಾಗಿಲಿನ ಬಾಯಿಯ ಮೇಲೆ ದೃಷ್ಟಿಯಿಟ್ಟಿರಬೇಕು. ಆ ಗಳಿಗೆಯಲ್ಲಿ ಯಂತ್ರದ ಕಣ್ಣಿಗೆ ಬದಲಾಗಿ ನಮ್ಮ ಕಣ್ಣೇ ಕಾವಲು. ಚಳಿಯ ನಾಡುಗಳಲ್ಲಿ ಕೀಲೆಣ್ಣೆಯು ಹೆಪ್ಪುಗಟ್ಟಿ ಗಾಲಿಗಳು ಬಿಗಿಯುವದರಿಂದಲೂ, ಹೊಸ್ತಿಲಿನ ಮೇಲೆ ಹಿಮವು ಗಟ್ಟಿಯಾಗಿ ನಿಂತಿರುವದರಿಂದಲೂ ಬಾಗಿಲು ಹಿಂದಿರುಗುವದುಂಟು. ಯಂತ್ರಕ್ಕೆ ಹಾಕಿದ ಕೆಲವು ಅಗ್ಗದ ಎಲ್‌ಇಡಿ ದೀಪಗಳು ರಿಮೋಟಿನ ಅಲೆಯನ್ನು ಕೆಡಿಸುವದೂ ಉಂಟು. ದೀಪವನ್ನು ತೆಗೆದು ನೋಡಿದರೆ ಇದು ತಿಳಿಯುವದು.

ಅಲ್ಲಿಯ ಯಂತ್ರಕ್ಕೆ ಕೆಂಪು ಹಿಡಿಯ ಹಗ್ಗವೊಂದು ಜೋತುಬಿದ್ದಿರುವದು. ಕರೆಂಟು ಇಲ್ಲದಾಗ ಬಾಗಿಲನ್ನು ಯಂತ್ರದಿಂದ ಬಿಡಿಸುವದಕ್ಕೆ ಅದು. ಬಾಗಿಲು ಮುಚ್ಚಿರುವಾಗ ಮಾತ್ರ ಅದನ್ನು ಎಳೆಯಬೇಕು. ಬಾಗಿಲಿನ ಭಾರವನ್ನು ಹೊತ್ತಿರುವದು ಮೋಟಾರಲ್ಲ, ಬಿಗಿಯಾಗಿ ಸುತ್ತಿದ ಸ್ಪ್ರಿಂಗು. ಸ್ಪ್ರಿಂಗು ಮುರಿದಿದ್ದರೆ, ತೆರೆದ ಬಾಗಿಲು ಹಗ್ಗ ಎಳೆದೊಡನೆ ದೊಪ್ಪನೆ ಬೀಳುವದು. ಸ್ಪ್ರಿಂಗನ್ನು ಮುಟ್ಟುವ ಸಾಹಸವನ್ನು ಮನೆಯವರು ಎಲ್ಲಿಯೂ, ಎಂದಿಗೂ ಮಾಡಬಾರದು. ಅದರಲ್ಲಿ ಅಡಗಿರುವ ಬಿಗಿತವು ಕೈಯನ್ನು ಮುರಿಯುವಷ್ಟು, ಕೆಲವು ಸಲ ಜೀವವನ್ನೇ ತೆಗೆಯುವಷ್ಟು ಇರುವದು. ನಮ್ಮ ಕೈಶಟರುಗಳ ಕೊಳವೆಯಲ್ಲಿರುವ ಸ್ಪ್ರಿಂಗಿಗೂ ಇದೇ ಮಾತು ಸಲ್ಲುವದು.

ಬಾಗಿಲಿನ ಕಣ್ಣು ಕಟ್ಟುವದು

ಇನ್ನು ಮುಖ್ಯವಾದ ಮಾತಿಗೆ ಬರುವೆವು. ಬಾಗಿಲು ಪದೇ ಪದೇ ಹಿಂದಿರುಗಿದಾಗ ಬೇಸತ್ತ ಯಜಮಾನನೂ, ಕೆಲಸ ತೀರಿಸಿ ಹೋಗಬೇಕೆಂಬ ಮಿಸ್ತ್ರಿಯೂ ಕೂಡಿ ಒಂದು ಉಪಾಯವನ್ನು ಹೂಡುವರು. ಎರಡು ಡಬ್ಬಿಗಳನ್ನೂ ಬಾಗಿಲಿನ ಬದಿಯಿಂದ ಕಿತ್ತು, ಮುಖಕ್ಕೆ ಮುಖ ಹಚ್ಚಿ ಪಟ್ಟಿಯಿಂದ ಬಿಗಿದು, ಮೇಲೆ ಎಲ್ಲಿಯೋ ಕಟ್ಟಿಬಿಡುವರು. ಒಂದು ಡಬ್ಬಿಯು ಇನ್ನೊಂದನ್ನು ಸದಾ ನೋಡುತ್ತಿರುವದು. ಯಂತ್ರವು ದಾರಿಯು ತೆರವಾಗಿದೆಯೆಂದು ನಂಬುವದು. ಬಾಗಿಲು ಅಂದಿನಿಂದ ಎಂದೂ ಒಲ್ಲೆನ್ನದು. ಮನೆ ಕಾಯುವ ನಾಯಿಯು ಬೊಗಳುವದೆಂದು ಅದರ ಬಾಯಿ ಕಟ್ಟಿದಂತೆ ಇದು. ಯಜಮಾನನಿಗೆ ಸುಖನಿದ್ರೆ, ಅಪಾಯಕ್ಕೆ ಹೆದ್ದಾರಿ.

ಇನ್ನೊಂದು ಸಂಗತಿಯು ಇದಕ್ಕಿಂತಲೂ ಯೋಚಿಸತಕ್ಕದ್ದು. ನಮ್ಮ ಊರುಗಳ ಅನೇಕ ಮೋಟಾರು ಶಟರುಗಳಿಗೆ ಕಣ್ಣನ್ನು ಮೊದಲಿಗೇ ಹಾಕಿರುವದಿಲ್ಲ. ತಾಗಿದರೆ ಹಿಂದಿರುಗುವ ಗುಣವೂ ಇರುವದಿಲ್ಲ. ಮುಚ್ಚಲೊಲ್ಲದ ಬಾಗಿಲಿಗಾಗಿ ನಾವು ಮಿಸ್ತ್ರಿಯನ್ನು ಕರೆಯುವೆವು. ಏನು ಅಡ್ಡವಿದ್ದರೂ ಮುಚ್ಚಿಯೇ ತೀರುವ ಬಾಗಿಲಿಗಾಗಿ ಯಾರನ್ನೂ ಕರೆಯುವದಿಲ್ಲ. ವಾಸ್ತವವಾಗಿ ಕೆಟ್ಟಿರುವದು ಆ ಎರಡನೆಯದೇ. ಶಾಲೆ ಬಿಟ್ಟ ಹುಡುಗರು ಏರುವ ಶಟರಿನ ಅಂಚು ಹಿಡಿದು ಜೋತಾಡುವದನ್ನೂ, ಇಳಿಯುವ ಶಟರಿನ ಕೆಳಗೆ ನುಸುಳಿ ಓಡುವ ಪಂದ್ಯವನ್ನೂ ಕಂಡವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯು ನಮಗೆ ಗೊತ್ತಿದ್ದದ್ದೇ. ಶಟರು ಕೂಡಿಸುವವರನ್ನು ಕೇಳಿ, ಇದ್ದ ಯಂತ್ರಕ್ಕೆ ಕಣ್ಣನ್ನು ಹಚ್ಚಿಸಲು ಬರುವದೋ ವಿಚಾರಿಸಬೇಕು. ಹೊಸದನ್ನು ಕೊಳ್ಳುವಾಗಲಂತೂ ಕಣ್ಣಿಲ್ಲದ್ದನ್ನು ಒಪ್ಪಬಾರದು. ಕಣ್ಣು ಬರುವ ತನಕ ರಿಮೋಟನ್ನು ದೂರದಿಂದ ಒತ್ತದೆ, ಬಾಗಿಲಿನ ಎದುರಿಗೇ ನಿಂತು, ಅದು ಪೂರ್ತಿ ಮುಚ್ಚುವವರೆಗೆ ನೋಡುತ್ತಿರಬೇಕು.

ಕಟ್ಟಿಗೆಯ ತುಂಡಿನ ಪರೀಕ್ಷೆ

ಕಣ್ಣೂ ಹಿಂದಿರುಗುವ ಗುಣವೂ ಉಳ್ಳ ಬಾಗಿಲನ್ನು ತಿಂಗಳಿಗೊಮ್ಮೆ ಪರೀಕ್ಷಿಸಬೇಕು. ಅಮಾವಾಸ್ಯೆಯ ದಿನ ಅಂಗಡಿಯ ತಕ್ಕಡಿ ತೊಳೆಯುವಂತೆ ಇದಕ್ಕೂ ಒಂದು ದಿನವನ್ನು ಗೊತ್ತುಮಾಡಿಕೊಂಡರೆ ಮರೆವಾಗದು. ಎರಡಂಗುಲ ದಪ್ಪದ ಕಟ್ಟಿಗೆಯ ತುಂಡೊಂದನ್ನು ಬಾಗಿಲಿನ ಕೆಳಗೆ ನಡುವೆ ಮಲಗಿಸಿ ಇಟ್ಟು, ಬಾಗಿಲನ್ನು ಇಳಿಸಿರಿ. ತುಂಡಿಗೆ ತಾಗಿದೊಡನೆ ಅದು ಹಿಂದಿರುಗಬೇಕು. ಹಿಂದಿರುಗದೆ ತುಂಡನ್ನು ಒತ್ತಿ ನಿಂತರೆ, ಮಿಸ್ತ್ರಿಯು ಬಂದು ಸರಿಪಡಿಸುವ ತನಕ ಯಂತ್ರದ ಸ್ವಿಚ್ಚನ್ನು ಆರಿಸಿಡಬೇಕು. ಆಮೇಲೆ ಬಾಗಿಲು ಇಳಿಯುವಾಗ ಒಂದು ಕಸಬರಿಗೆಯ ಹಿಡಿಯನ್ನು ಕಣ್ಣಿಗೆ ಅಡ್ಡ ಹಿಡಿಯಿರಿ. ಆಗಲೂ ಅದು ಹಿಂದಿರುಗಬೇಕು. ಎರಡೂ ಪರೀಕ್ಷೆಗಳು ಕೂಡಿ ಐದು ಮಿನಿಟಿನ ಕೆಲಸ. ಪರೀಕ್ಷೆಗೆ ಕೈಯನ್ನೋ ಕಾಲನ್ನೋ ಒಡ್ಡಬಾರದೆಂದು ಬೇರೆ ಹೇಳಬೇಕಾಗಿಲ್ಲವಷ್ಟೇ.

ರಿಮೋಟನ್ನು ಮಕ್ಕಳ ಕೈಗೆ ಕೊಡಬಾರದು. ಗೋಡೆಯ ಗುಂಡಿಯು ಐದು ಅಡಿಗಿಂತ ಮೇಲೆ, ಮತ್ತು ಅಲ್ಲಿ ನಿಂತರೆ ಬಾಗಿಲು ಕಾಣುವಂತೆ ಇರಬೇಕು. ಮಕ್ಕಳಿಗೆ ಬರಿಯ ಬೆದರಿಕೆಯು ನಾಟುವದಿಲ್ಲವೆಂಬದು ಪಾಠಶಾಲೆಯಲ್ಲಿ ಬಹುಕಾಲ ಕಳೆದ ನಮ್ಮ ಅನುಭವ. ಆ ಕಟ್ಟಿಗೆಯ ತುಂಡಿನ ಪರೀಕ್ಷೆಯನ್ನು ಅವರ ಮುಂದೆಯೇ ಮಾಡಿ ತೋರಿಸಬೇಕು. ಬಾಗಿಲಿನ ಭಾರವನ್ನು ಸಂಖ್ಯೆಯಲ್ಲಿ ಹೇಳಬೇಕು. ಕಣ್ಣು ಎಲ್ಲಿದೆ, ಏಕಿದೆ ಎಂಬದನ್ನು ಅವರಿಂದಲೇ ಹುಡುಕಿಸಬೇಕು. ತಿಳಿದ ಮಗುವು ತನ್ನ ತಮ್ಮನನ್ನೂ ತಡೆಯುವದು.

ಸಾರಾಂಶವಿಷ್ಟು. ಬಾಗಿಲು ಒಲ್ಲೆಂದಾಗ ಮೊದಲು ಅದರ ದಾರಿಯನ್ನು ನೋಡಬೇಕು, ಆಮೇಲೆ ಕಣ್ಣನ್ನು, ಆಮೇಲೆ ಗೈಡು ಮತ್ತು ನೆಲವನ್ನು, ಎಲ್ಲಕ್ಕೂ ಕಡೆಗೆ ಯಂತ್ರವನ್ನು. ಕಾರಣವು ತಿಳಿಯುವ ಮುಂಚೆ ಬಲವನ್ನು ಹೆಚ್ಚಿಸಬಾರದು, ಕಣ್ಣನ್ನು ಕಟ್ಟಬಾರದು. ಒಂದು ರಾತ್ರಿ ಕೈಸರಪಳಿಯಿಂದ ಇಳಿಸಿ ಬೀಗ ಹಾಕಿದರೆ ತೋಳು ನೋಯಬಹುದು. ಅದಕ್ಕಿಂತ ಹೆಚ್ಚಿನ ನಷ್ಟವೇನೂ ಇಲ್ಲ. ಮಿಸ್ತ್ರಿಯು ನಾಳೆ ಬಂದರೂ ನಡೆಯುವದು. ಮಕ್ಕಳಿರುವ ಮನೆಯಲ್ಲಿ ಬಾಗಿಲಿನ ಕಣ್ಣು ಮಾತ್ರ ಇಂದೂ ತೆರೆದಿರಬೇಕು.